ಬೀಟೆ ಹಿಡಿಯ ಚಾಕು: 11 ವರ್ಷ ತರಕಾರಿ ಹೆಚ್ಚಿದ ಮೇಲೆ

ಶಿರಸಿ ಸುತ್ತಮುತ್ತ ಮದುವೆ, ಉಪನಯನದ ಅಡುಗೆ ನಮ್ಮ ಕಸುಬು. ದೊಡ್ಡ ಊಟವಿದ್ದರೆ ಹಿಂದಿನ ದಿನ ಮಧ್ಯಾಹ್ನ ಹೆಚ್ಚಲು ಕೂತವರು ಏಳುವಾಗ ರಾತ್ರಿಯಾಗಿರುತ್ತದೆ. ಚಾಕು ಕೊಳ್ಳುವವರು ಸಾಮಾನ್ಯವಾಗಿ ಅಲಗು ನೋಡುತ್ತಾರೆ. ಅಲಗು ಮೊಂಡಾದರೆ ಮಸೆದುಕೊಳ್ಳಬಹುದು. ಹಿಡಿ ಸರಿಯಿಲ್ಲದಿದ್ದರೆ ಎರಡನೇ ಸಿಹಿಗುಂಬಳಕ್ಕೇ ತೋರುಬೆರಳಿನ ಬುಡದಲ್ಲಿ ಬೊಕ್ಕೆ ಏಳುತ್ತದೆ.

ನನ್ನ ಕೈಯಲ್ಲಿರುವುದು ಬೀಟೆ ಮರದ ಹಿಡಿ. ಮನೆಯ ಹಳೆಯ ಕಿಟಕಿ ಬಿಚ್ಚಿದಾಗ ಉಳಿದ ಚೌಕಟ್ಟಿನ ತುಂಡಿನಿಂದ ನಮ್ಮೂರಿನ ಆಚಾರಿಯವರು ಮಾಡಿಕೊಟ್ಟದ್ದು. ತುಂಡು ಪೂರ್ತಿ ಕೆಚ್ಚು (ಮರದ ನಡುವಿನ ಗಟ್ಟಿ ಭಾಗ), ಹೊರಗಿನ ಬಿಳಿ ಮರ ಒಂದಿಷ್ಟೂ ಇರಲಿಲ್ಲ. ತೂತು ಕೊರೆದು, ಅದಕ್ಕೆ ಅರಗಿನ ಪುಡಿ ತುಂಬಿ, ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಒಳಗಿಳಿಸಿದರು. ಸುಯ್ ಎಂದು ಹೊಗೆ ಬಂತು, ಅರಗು ಕರಗಿ ಬಾಯಿಯಿಂದ ಸ್ವಲ್ಪ ಉಕ್ಕಿತು, ಆರಿದ ಮೇಲೆ ಕಲ್ಲಿನಂತೆ ಕಚ್ಚಿಕೊಂಡಿತು. ಮೇಲೊಂದು ಹಿತ್ತಾಳೆ ಬಳೆ. ಹಿಡಿಯ ತುದಿಯಲ್ಲಿ ಕಿರುಬೆರಳಿಗೆ ತಡೆಯಾಗುವ ಹಾಗೆ ಒಂದು ಉಬ್ಬು ಬಿಟ್ಟರು. ಕೈ ಜಾರದಿರಲು ಆ ಉಬ್ಬಿನಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

11 ಮಳೆಗಾಲ ಕಳೆದಿದೆ. ಜುಲೈನಲ್ಲಿ ಗೋಡೆಯೇ ಬೆವರುವ ನಮ್ಮ ಕಡೆ ಹಿಡಿ ಉಬ್ಬಿಲ್ಲ, ಏಪ್ರಿಲ್ ಬಿಸಿಲಿಗೆ ಸೀಳಿಲ್ಲ. ಬಣ್ಣ ಮಾತ್ರ ನೇರಳೆಗಂದಿನಿಂದ ಹೆಚ್ಚುಕಡಿಮೆ ಕಪ್ಪಿಗೆ ತಿರುಗಿದೆ. ಹೆಬ್ಬೆರಳು ಕೂರುವ ಜಾಗ ಸಣ್ಣಗೆ ಸವೆದು ತಗ್ಗಾಗಿದೆ. ಈಗ ಬೇರೆಯವರು ಈ ಚಾಕು ಹಿಡಿದರೆ ಅವರಿಗೆ ಏನೋ ಒಗ್ಗದು.

ಒಮ್ಮೆ ತಪ್ಪಾಯಿತು. ಎಣ್ಣೆ ಜಿಡ್ಡು ಹೋಗಲೆಂದು ಕುದಿಯುವ ನೀರಿನ ಪಾತ್ರೆಗೆ ಚಾಕು ಇಳಿಬಿಟ್ಟೆ. ಅರಗು ಮೆತ್ತಗಾಗಿ ಅಲಗು ಹಿಡಿಯೊಳಗೇ ತಿರುಗಿತು. ಮತ್ತೆ ಕುಲುಮೆಗೆ ಹೋಗಬೇಕಾಯಿತು. ಅರಗು ಹಾಕಿದ ಹಿಡಿಗೆ ಬಿಸಿನೀರು ಬೇಡವೇ ಬೇಡ.

ಅಂಗಡಿಯಲ್ಲಿ ಸಿಗುವ, ಉಕ್ಕಿನ ಎರಡೂ ಬದಿಗೆ ಮರದ ಪಟ್ಟಿ ಇಟ್ಟು ಮೂರು ರಿವೆಟ್ ಹೊಡೆದ ಚಾಕುಗಳನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಹೊಸದರಲ್ಲಿ ಕೈಗೆ ಹಿತ. ಆದರೆ ಮರಕ್ಕೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ಬೆಂಡೆಕಾಯಿ ಲೋಳೆ, ಟೊಮೆಟೊ ರಸ ಎಲ್ಲ ಒಳಗೆ ಹೋಗಿ ಕೂರುತ್ತದೆ. ಒಂದು ಚಾಕುವಿನ ಪಟ್ಟಿ ತೆಗೆಸಿ ನೋಡಿದಾಗ ಒಳಗೆ ತುಕ್ಕು, ಮೇಲೆ ಕಪ್ಪು ಲೋಳೆ, ಹಳಸಿದ ವಾಸನೆ. ಊಟ ಬಡಿಸುವವನಾಗಿ ಆ ದಿನ ನನಗೆ ತುಂಬಾ ಬೇಸರವಾಯಿತು.

ಕುಕ್ಕರ್ ಹಿಡಿಯಲ್ಲಿರುವಂಥ ಗಟ್ಟಿ ಪ್ಲಾಸ್ಟಿಕ್, ಬೇಕಲೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಗೆ ಕರಗದು, ಕಲ್ಲು ನೆಲಕ್ಕೆ ಬಿದ್ದರೆ ಚಕ್ಕೆ ಏಳುತ್ತದೆ.

ಪ್ಲಾಸ್ಟಿಕ್ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಸಂತೆಯ ಅಗ್ಗದ ಚಾಕುವಿನ ನುಣುಪು ಹಿಡಿ, ಹಲಸಿನಕಾಯಿ ಬಿಡಿಸುವಾಗ ನನ್ನ ಜೊತೆಗಾರರ ಕೈಯಿಂದ ಜಾರಿತ್ತು. ಸೊನೆ ಅಂಟದಿರಲೆಂದು ಎಣ್ಣೆ ಸವರಿಕೊಂಡ ಕೈ, ನುಣುಪು ಹಿಡಿ, ಜೊತೆಗೆ ಭಾರ ಹಾಕಿ ಒತ್ತುವ ಕೆಲಸ. ಗಾಯ ಸಣ್ಣದಾಗಿತ್ತು, ಹೆದರಿಕೆ ದೊಡ್ಡದು. ಇನ್ನೊಂದು ಹಿಡಿ ಒಲೆಯ ಕಟ್ಟೆಯ ಮೇಲಿಟ್ಟದ್ದು ಬಾಣಲೆಗೆ ತಾಗಿ ಕರಗಿತು. ಇಂಥ ಹಿಡಿಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಹಪ್ಪಳ ಕರಿಯುವ ಎಣ್ಣೆ ಅದಕ್ಕಿಂತ ಬಿಸಿ. ಇದಕ್ಕೆ ಹೋಲಿಸಿದರೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನವರ ಫೈಬ್ರಾಕ್ಸ್ ಹಿಡಿ ಬೇರೆಯೇ ವಸ್ತು. ಮೈ ಸ್ವಲ್ಪ ತರಿತರಿ, ಒದ್ದೆ ಕೈಗೂ ಹಿಡಿತ ಸಿಗುತ್ತದೆ, ಅಲಗಿನ ಬುಡದಲ್ಲಿ ಸಂದಿಲ್ಲ. ಆರು ವರ್ಷದಿಂದ ನಮ್ಮ ಹುಡುಗರು ಇದನ್ನೇ ಬಳಸುತ್ತಿದ್ದಾರೆ. ಗಡಿಬಿಡಿಯಲ್ಲಿ ತೊಳೆಯುವ ಬಕೆಟ್ಟಿನಲ್ಲೇ ರಾತ್ರಿಯಿಡೀ ಬಿಟ್ಟರೂ ಏನೂ ಆಗಿಲ್ಲ. ನಾಲ್ಕು ಕೈ ಬದಲಾಗುವ ಅಡುಗೆಮನೆಗೆ ನಾನು ಹೇಳುವುದು ಇದನ್ನೇ. ನೋಡಲು ಚೆಂದವಿಲ್ಲ, ಇಡೀ ದಿನ ಹಿಡಿದರೆ ಅಂಗೈ ಬೆವರುತ್ತದೆ, ಅಷ್ಟೇ ದೂರು.

ನನ್ನ ಸ್ವಂತ ಕೈಗೆ ಮಾತ್ರ ಬೀಟೆಯೇ. ಬೆವರಿದರೆ ಕೈಗೆ ಇನ್ನಷ್ಟು ಹತ್ತಿಕೊಳ್ಳುತ್ತದೆ, ಚಳಿಗಾಲದ ಬೆಳಗಿನ ಜಾವ ಮುಟ್ಟಿದರೆ ಉಕ್ಕಿನ ಹಿಡಿಯ ಹಾಗೆ ಕೊರೆಯುವುದಿಲ್ಲ. ಆರೈಕೆಯೂ ದೊಡ್ಡದಲ್ಲ: ತೊಳೆದ ಕೂಡಲೇ ಒರೆಸಿ, ಗಾಳಿಗೆ ಇಡುವುದು. ಮೊದಲು ತೆಂಗಿನೆಣ್ಣೆ ಹಚ್ಚುತ್ತಿದ್ದೆ, ಅದು ಒಣಗದೆ ಎರಡು ತೊಳೆತಕ್ಕೆ ಹೋಗುತ್ತಿತ್ತು. ಈಗ ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ ಒಂದು ವಾರ ಮುಟ್ಟದೆ ಬಿಡುತ್ತೇನೆ. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ಬೀಟೆಗಾಗಿ ಹೊಸ ಮರ ಹುಡುಕಲು ಹೋಗುವುದು ಬೇಡ. ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, 2017ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಹಳೆ ಮನೆ ಬಿಚ್ಚುವಲ್ಲಿ ಮುರಿದ ಕುರ್ಚಿಕಾಲು ಸಿಕ್ಕರೂ ಒಂದು ಹಿಡಿಗೆ ಸಾಕು. ಅದೂ ಸಿಗದಿದ್ದರೆ ಕೊಡಲಿಗೆ ಹಿಡಿ ಹಾಕುವ ದಿಂಡಿಗ ಮರದ ತುಂಡು ಕೇಳಿ. ಮಗಳ ಚಾಕುವಿಗೆ ಹೋದ ತಿಂಗಳು ಅದನ್ನೇ ಹಾಕಿಸಿದ್ದೇನೆ. ಅವಳ ಕೈ ಚಿಕ್ಕದು, ಹಿಡಿ ಅರ್ಧ ಇಂಚು ಗಿಡ್ಡವಿರಲಿ ಎಂದು ಆಚಾರಿಯವರಿಗೆ ಮೊದಲೇ ಹೇಳಿದ್ದೆ.