ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಓರೆ ಮಾಡಿಸುವ ಮುಂಚೆ ಇದನ್ನು ಓದಿ

ಪ್ರೀಮಿಯರ್ ಪದ್ಮಿನಿಯಂಥ ಹಳೆ ಕಾರು ಇಟ್ಟುಕೊಂಡು, ಅದನ್ನು ಸ್ವಲ್ಪ ತಗ್ಗಿಸಿ ಓಡಿಸುವ ಆಸೆ ಇರುವವರು ದಯವಿಟ್ಟು ಓದಿ. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ, ಕಿತ್ತುಹೋದ ಟಾರಿನ ಮೇಲೆ ನನ್ನ ಪದ್ಮಿನಿಯ ಹಿಂಭಾಗ ಎರಡು ಸಲ ಕುಪ್ಪಳಿಸಿ ಪಕ್ಕಕ್ಕೆ ಜಾರಿತು. ಪಕ್ಕದ ಸೀಟಿನಲ್ಲಿ ಅಮ್ಮ ಇದ್ದರು. ಎದುರಿಗೆ ಬಸ್ ಬರಲಿಲ್ಲ, ನಮ್ಮ ಪುಣ್ಯ.

ತಿರುವಿನಲ್ಲಿ ಕಾರು ಚೆನ್ನಾಗಿ ಕೂರಲಿ ಅಂತ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ತಗ್ಗಿಸಿದ್ದೆ. ಆಮೇಲೆ, ಸ್ಪ್ರಿಂಗಿನ ಕುಣಿತ ತಡೆಯುವ ಕೊಳವೆಯಾದ ಶಾಕ್‌ನ ಉದ್ದಕ್ಕೆ ಜಾಗ ಸಾಲಲಿಲ್ಲ. ಗ್ಯಾರೇಜಿನವರು ಡಿಕ್ಕಿಯ ತಳದ ತಗಡಿಗೆ ಹೊಸ ಬ್ರಾಕೆಟ್ ವೆಲ್ಡ್ ಮಾಡಿ, ಶಾಕ್‌ನ ಮೇಲಿನ ತುದಿಯನ್ನು ಒಳಕ್ಕೆ ತಂದರು. "ಓರೆ ಇದ್ರೆ ಕಾರು ವಾಲಲ್ಲ ಸಾರ್" ಅಂದರು. ನಾನು ನಂಬಿದೆ.

ಘಾಟಿ ಇಳಿದು ಬಂದ ಮೇಲೆ ಅಳೆದೆ. ನೆಟ್ಟಗಿನ ಗೆರೆಯಿಂದ 45 ಡಿಗ್ರಿ ಓರೆ! ಇದರ ಅರ್ಥ ಏನು ಗೊತ್ತಾ? ಆಕ್ಸಲ್ (ಹಿಂದಿನ ಚಕ್ರಗಳನ್ನು ಹೊತ್ತ ಅಡ್ಡ ದಂಡ) 10 ಮಿಲಿಮೀಟರ್ ಮೇಲೆದ್ದರೆ ಶಾಕ್ ಒಳಗೆ ಹೋಗುವುದು ಸುಮಾರು 7 ಮಿಲಿಮೀಟರ್ ಮಾತ್ರ. ಅಷ್ಟೇ ಹೊತ್ತಿನಲ್ಲಿ ಕಡಿಮೆ ದೂರ, ಅಂದರೆ ವೇಗವೂ ಕಡಿಮೆ. ನಿಧಾನವಾಗಿ ಹೋಗುವ ಶಾಕ್ ಕಡಿಮೆ ತಡೆ ಕೊಡುತ್ತದೆ. ಆ ತಡೆಯಲ್ಲೂ ಆಕ್ಸಲ್‌ ಮೇಲೆ ನೇರವಾಗಿ ಕೆಲಸ ಮಾಡುವುದು 10ರಲ್ಲಿ 7 ಪಾಲು. ಎರಡು ಕಡೆಯೂ ನಷ್ಟ. ಕೊನೆಗೆ ಚಕ್ರಕ್ಕೆ ಸಿಗುವುದು ಶಾಕ್‌ನ ಅರ್ಧ ಶಕ್ತಿ. 20 ಡಿಗ್ರಿ ಓರೆಯಲ್ಲಿ ಶೇಕಡ 88 ಉಳಿಯುತ್ತದೆ, 30ರಲ್ಲಿ 75. ಅಲ್ಲಿಂದ ಮುಂದೆ ಇಳಿತ ಜೋರು. ಅದೂ ಸಾಲದು ಅಂತ, ಗುಂಡಿಗೆ ಬಿದ್ದು ಆಕ್ಸಲ್ ಮೇಲೆದ್ದಷ್ಟೂ ಶಾಕ್ ಇನ್ನೂ ಮಲಗುತ್ತದೆ. ಹೆಚ್ಚು ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ವಾಲುವುದು ತಪ್ಪುತ್ತದೆ ಅನ್ನುವುದೂ ಸುಳ್ಳು. ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಇರುವ ಕಾರಿನಲ್ಲಿ ಶಾಕ್‌ಗಳು ಚಕ್ರದ ಹತ್ತಿರ, ಆದಷ್ಟು ನೆಟ್ಟಗೆ ಇದ್ದರೇನೇ ವಾಲುವಿಕೆಯ ಮೇಲೆ ಹಿಡಿತ ಜಾಸ್ತಿ. 1968ರ ಅಮೆರಿಕದ ಕಾರು ಕಮಾರೋದಲ್ಲಿ ಒಂದು ಶಾಕ್ ಆಕ್ಸಲ್‌ನ ಮುಂದೆ, ಇನ್ನೊಂದು ಹಿಂದೆ ಇತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಆಕ್ಸಲ್ ಕುಣಿಯದಿರಲಿ ಅಂತ ಮಾಡಿದ್ದು. ಅದೇ ಬೇರೆ, ಇದೇ ಬೇರೆ.

ದೂರು ಕೊಟ್ಟಾಗ ಗ್ಯಾರೇಜಿನವರು ಇನ್ನೂ ಗಟ್ಟಿ ಶಾಕ್ ಹಾಕೋಣ ಅಂದರು. ನಾನು ಬೇಡ ಅಂದೆ. ಆ ಹೆಚ್ಚಿನ ಬಲವೆಲ್ಲ ಬೀಳುವುದು ಅದೇ ತೆಳು ತಗಡಿನ ಮೇಲೆ. ಬ್ರಾಕೆಟ್ ಕತ್ತರಿಸಿ ತೆಗೆದಾಗ ವೆಲ್ಡಿನ ಅಂಚಿನಲ್ಲಿ ಬೆರಳುದ್ದ ಬಿರುಕು ಬಿಟ್ಟಿತ್ತು.

ಈಗ ಗಿಡ್ಡ ಶಾಕ್ ಹಾಕಿಸಿದ್ದೇನೆ, ಓರೆ 15 ಡಿಗ್ರಿ. ಕೊಳ್ಳುವ ಮೊದಲು ಈ ಸಲ ನಾನೇ ಅಳತೆ ತೆಗೆದುಕೊಂಡೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಶಾಕ್ ಬಿಚ್ಚಿ, ಆಕ್ಸಲನ್ನು ಬಂಪ್ ಸ್ಟಾಪ್ (ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಮುಟ್ಟುವವರೆಗೆ ಜಾಕ್‌ನಿಂದ ಎತ್ತಿ, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಎಷ್ಟು ದೂರ ಅಂತ ನೋಡಬೇಕು. ಪೂರ್ತಿ ಒತ್ತಿದ ಶಾಕ್ ಅದಕ್ಕಿಂತ ಗಿಡ್ಡ ಇರಲೇಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್ ತಡೆಯಬೇಕಾದ ಏಟನ್ನು ಶಾಕ್ ತಿನ್ನುತ್ತದೆ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗಲೂ ಹಾಗೇ ಅಳೆಯಿರಿ; ಪೂರ್ತಿ ಚಾಚಿದ ಶಾಕ್ ಆ ದೂರಕ್ಕೆ ಸಾಲಬೇಕು. ಓರೆಯನ್ನು ಮಾತ್ರ ಕಾರು ಚಕ್ರದ ಮೇಲೆ ನಿಂತಿರುವಾಗಲೇ ನೋಡಿ.

ಈಗಾಗಲೇ ಓರೆ ಮಾಡಿಸಿದ್ದರೆ, ಇವತ್ತೇ ಡಿಕ್ಕಿಯ ಮ್ಯಾಟ್ ಎತ್ತಿ, ಟಾರ್ಚ್ ಹಿಡಿದು ವೆಲ್ಡಿನ ಸುತ್ತ ನೋಡಿ.