ಹಳೇ ಲ್ಯಾಪ್‌ಟಾಪ್ ಜಾಗಕ್ಕೆ ಥಿಂಕ್‌ಸೆಂಟರ್ ಟೈನಿ: ಹದಿನಾಲ್ಕು ತಿಂಗಳ ಬಳಕೆ

ನಾನು ಮನೆಯಲ್ಲೇ ಕೂತು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಊರು ಸಾಗರದ ಹತ್ತಿರ. ಒಂಬತ್ತು ವರ್ಷ ಒಂದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಸಾಗಿತು. ಕೊನೆಯ ಮೂರು ವರ್ಷ ಅದು ಮೇಜು ಬಿಟ್ಟು ಕದಲಿರಲಿಲ್ಲ. ಪರದೆಯ ಕೀಲು ಸಡಿಲವಾಗಿತ್ತು, ಬ್ಯಾಟರಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ಒಂದು ದಿನ ನೋಡಿದರೆ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆ. ಅಡಿಯಲ್ಲಿ ಬ್ಯಾಟರಿ ಊದಿಕೊಂಡಿತ್ತು. ನಿಮ್ಮದೂ ಹೀಗಾಗಿದ್ದರೆ ಅವತ್ತೇ ಬಳಸೋದು ನಿಲ್ಲಿಸಿ. ಒತ್ತಿ ಕೂರಿಸೋಕೆ ಹೋಗಬೇಡಿ, ಬೆಂಕಿ ಹತ್ತುವ ಅಪಾಯ ಇರುತ್ತದೆ.

ಮತ್ತೆ ಲ್ಯಾಪ್‌ಟಾಪನ್ನೇ ಕೊಳ್ಳಬೇಕಾ ಅಂತ ಯೋಚಿಸಿದೆ. ಮೇಜಿನ ಮೇಲೇ ಇರುವ ಯಂತ್ರಕ್ಕೆ ಬ್ಯಾಟರಿ, ಕೀಲು, ಸಣ್ಣ ಪರದೆ ಇದಕ್ಕೆಲ್ಲ ದುಡ್ಡು ಯಾಕೆ? ಹಾಗಂತ ದೊಡ್ಡ ಕ್ಯಾಬಿನೆಟ್ ಇಡಲು ಜಾಗ ಇರಲಿಲ್ಲ. ಅದು 2024ರ ನವೆಂಬರ್. ಆಪಲ್‌ನ ಎಂ4 ಮ್ಯಾಕ್ ಮಿನಿ ಆಗಷ್ಟೇ ಬಂದಿತ್ತು, 16 ಜಿಬಿ ಮೆಮೊರಿ, 59,900 ರೂಪಾಯಿ. ಅಂಗೈ ಅಗಲದ ಡಬ್ಬಿ, ಕೆಲಸದಲ್ಲಿ ಬಲು ಚುರುಕು. ಆದರೆ ನನ್ನ ಹತ್ತಿರ ಬರುವ ಹಸ್ತಪ್ರತಿಗಳಲ್ಲಿ ಅರ್ಧದಷ್ಟು ಹಳೇ ನುಡಿ ಫಾಂಟಿನವು. ನುಡಿ ತಂತ್ರಾಂಶ ನಡೆಯುವುದು ವಿಂಡೋಸ್‌ನಲ್ಲಿ. ಅಲ್ಲದೆ ಮಿನಿಯ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಅದನ್ನು ಬಿಟ್ಟೆ.

ಬೆಂಗಳೂರಿನಲ್ಲಿರುವ ತಮ್ಮ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋದ. ಕಚೇರಿಗಳು ಕೆಲವು ವರ್ಷ ಬಳಸಿ ಒಟ್ಟಿಗೇ ಮಾರುವ ಸಣ್ಣ ಡೆಸ್ಕ್‌ಟಾಪ್‌ಗಳು ಅಲ್ಲಿ ಸಾಲುಸಾಲಾಗಿ ಸಿಗುತ್ತವೆ. ಲೆನೊವೊ ಟೈನಿ, ಡೆಲ್ ಮೈಕ್ರೊ, ಎಚ್‌ಪಿ ಮಿನಿ, ಮೂರೂ ಹೆಚ್ಚುಕಡಿಮೆ ಒಂದು ಲೀಟರ್ ಗಾತ್ರದವು. ನಾನು ತಂದಿದ್ದು ಥಿಂಕ್‌ಸೆಂಟರ್ ಎಂ720ಕ್ಯೂ. ಇಂಟೆಲ್‌ನ ಆರು ಕೋರ್‌ಗಳ ಐ5-8400ಟಿ ಪ್ರೊಸೆಸರ್, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. 15,500 ರೂಪಾಯಿ. "ಅಕ್ಕಾ, ಎಂಟನೇ ತಲೆಮಾರಿಗಿಂತ ಹಳೇದು ಬೇಡ, ಇನ್ನೂ ಎರಡು ಸಾವಿರ ಕಡಿಮೆಗೆ ಕೊಟ್ಟರೂ ಬೇಡ" ಅಂದಿದ್ದ ತಮ್ಮ. ಆ ಮಾತು ಕೇಳಿದ್ದು ಒಳ್ಳೇದಾಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನದನ್ನೇ ಕೇಳುತ್ತದೆ. ಏಳರಲ್ಲಿ ಒಪ್ಪುವುದು ಬೆರಳೆಣಿಕೆಯವು ಮಾತ್ರ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನದು ಯಾವ ತಕರಾರೂ ಇಲ್ಲದೆ 11ಕ್ಕೆ ಏರಿತು.

ಬಳಸಿದ ಯಂತ್ರ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಎಫ್1 ಒತ್ತಿ ಬಯಾಸ್ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ, ಹಳೇ ಕಚೇರಿ ಹಾಕಿದ ಬೀಗ ತೆಗೆಯುವುದು ತಲೆನೋವಿನ ಕೆಲಸ. ವಿಂಡೋಸ್ ಆಕ್ಟಿವೇಟ್ ಆಗಿದೆಯಾ, ಎಸ್‌ಎಸ್‌ಡಿ ಆರೋಗ್ಯ ಎಷ್ಟಿದೆ, ವೈಫೈ ಇದೆಯಾ ಕೇಳಿ. ಕಚೇರಿಯಿಂದ ಬಂದ ಎಷ್ಟೋ ಟೈನಿಗಳಲ್ಲಿ ವೈಫೈ ಕಾರ್ಡೇ ಇರುವುದಿಲ್ಲ. ನನ್ನದರಲ್ಲೂ ಇಲ್ಲ. ರೂಟರ್ ಮೇಜಿನ ಪಕ್ಕದಲ್ಲೇ ಇರುವುದರಿಂದ ಕೇಬಲ್ ಹಾಕಿಕೊಂಡೆ. ನಾನು ನೋಡದೆ ಬಿಟ್ಟಿದ್ದು ಅಡಾಪ್ಟರ್. ಅಂಗಡಿಯವರು ಕೊಟ್ಟಿದ್ದು ಯಾವುದೋ ನಕಲಿ. ದೊಡ್ಡ ಪಿಡಿಎಫ್ ಮಾಡಲು ಕೊಟ್ಟಾಗಲೆಲ್ಲ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಎರಡು ವಾರ ತಲೆಕೆಡಿಸಿಕೊಂಡೆ. ಕೊನೆಗೆ 65 ವ್ಯಾಟಿನ ಅಸಲಿ ಅಡಾಪ್ಟರ್ ತರಿಸಿದೆ, ಆಮೇಲೆ ಒಂದು ಸಲವೂ ಹಾಗಾಗಲಿಲ್ಲ. ಚಪ್ಪಟೆ ಪಿನ್ನಿನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿಗೆ ಬರುವ ಅಡಾಪ್ಟರೇ ಇದಕ್ಕೂ ಆಗುತ್ತದೆ, ಹುಡುಕುವುದು ಕಷ್ಟವಿಲ್ಲ.

ಈಗ ಕರೆಂಟಿನ ವಿಷಯ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಡೆಸ್ಕ್‌ಟಾಪಿಗೆ ಅಷ್ಟು ಸಾಕು ಅಂದುಕೊಂಡಿದ್ದೆ. ಮೊದಲ ವಾರವೇ ಕರೆಂಟ್ ಹೋಯಿತು. ದೀಪ ಒಮ್ಮೆ ಮಿಣುಕಿ ಹತ್ತಿಕೊಂಡಿತು, ಕಂಪ್ಯೂಟರ್ ಮಾತ್ರ ಆರಿಹೋಯಿತು. ಸೇವ್ ಮಾಡದ ಹನ್ನೊಂದು ಪುಟ ಹೋಯಿತು. ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಹೊರಳುವ ಆ ಒಂದು ಕ್ಷಣ ಲ್ಯಾಪ್‌ಟಾಪಿಗೆ ಲೆಕ್ಕಕ್ಕೇ ಇರಲಿಲ್ಲ, ಡೆಸ್ಕ್‌ಟಾಪಿಗೆ ಅಷ್ಟೇ ಸಾಕು. ಹಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಹೊರಳುವುದು ಬೇಗ ಆಗುತ್ತದೆ. ನಾನೂ ಹಾಕಿ ನೋಡಿದೆ, ಕಂಪ್ಯೂಟರ್ ಆರಲಿಲ್ಲ. ಆದರೆ ಆ ಮೋಡಿನಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಸಹಿಸುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಪಂಪ್‌ಸೆಟ್ ಶುರುವಾದರೆ ವೋಲ್ಟೇಜ್ ಬಿತ್ತು ಅಂತಲೇ ಅರ್ಥ. ಕರೆಂಟ್ ಇದ್ದಾಗಲೂ ಇನ್ವರ್ಟರ್ ಬ್ಯಾಟರಿಗೆ ಹೋಗಿ ಕೂರುತ್ತಿತ್ತು, ಸಂಜೆ ಹೊತ್ತಿಗೆ ಬ್ಯಾಟರಿ ಖಾಲಿ. ಕೊನೆಗೆ ಇನ್ವರ್ಟರನ್ನು ಮೊದಲಿನಂತೆ ಬಿಟ್ಟು, ಕಂಪ್ಯೂಟರಿಗೇ ಒಂದು 600 ವಿಎ ಯುಪಿಎಸ್ ತಂದೆ. ಯಂತ್ರ, ಪರದೆ, ರೂಟರ್ ಮೂರಕ್ಕೂ ಇಪ್ಪತ್ತು ನಿಮಿಷ ಧಾರಾಳವಾಗಿ ಬರುತ್ತದೆ. ಪೇಟೆಯಲ್ಲಿ ವೋಲ್ಟೇಜ್ ಸರಿಯಾಗಿರುವವರು ಯುಪಿಎಸ್‌ಗೆ ದುಡ್ಡು ಹಾಕುವ ಮುಂಚೆ ಇನ್ವರ್ಟರಿನ ಸ್ವಿಚ್ ಒಮ್ಮೆ ನೋಡಿ.

ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡುತ್ತೇನೆ, ನೆಟ್‌ವರ್ಕ್ ಕೇಬಲ್ ಕೂಡ. ಲ್ಯಾಪ್‌ಟಾಪ್ ಇದ್ದಾಗ ಪ್ಲಗ್ ಕಿತ್ತು ಸ್ವಲ್ಪ ಹೊತ್ತಾದರೂ ಕೆಲಸ ಮಾಡಬಹುದಿತ್ತು. ಮಳೆಗಾಲದ ಆರಂಭದಲ್ಲಿ ಇದೊಂದು ನಿಜವಾದ ನಷ್ಟ.

ಇನ್ನು ಸುಖದ ವಿಷಯ. ಹಳೇ ಪರದೆ 1366 x 768. ಪೂರ್ತಿ ಪುಟ ತೆರೆದರೆ "ರಾಷ್ಟ್ರ" ಅನ್ನುವ ಪದದಲ್ಲಿ ಒತ್ತು ಯಾವುದು ಅಂತ ಕಾಣುತ್ತಿರಲಿಲ್ಲ. ಹಿಗ್ಗಿಸು, ಸರಿಸು, ಕುಗ್ಗಿಸು, ದಿನವಿಡೀ ಇದೇ. ಈಗ 24 ಇಂಚಿನ ಪರದೆಯಲ್ಲಿ ಎಡ ಬಲ ಎರಡೂ ಪುಟ ಒಟ್ಟಿಗೆ ಇರುತ್ತವೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಪರದೆ ಕಣ್ಣಿನ ಎತ್ತರಕ್ಕೆ ಬಂದ ಮೇಲೆ ಕತ್ತು ನೋವು ಕಡಿಮೆಯಾಗಿದೆ. ಡಬ್ಬಿಯನ್ನು ಪರದೆಯ ಕಾಲಿನ ಪಕ್ಕ ನಿಲ್ಲಿಸಿದ್ದೇನೆ, ಒಂದು ನಿಘಂಟಿನಷ್ಟು ಜಾಗ ಸಾಕು.

ವೇಗ ನನ್ನ ಕೆಲಸಕ್ಕೆ ಸಾಕು. ಚಿತ್ರಗಳಿರುವ ಪುಸ್ತಕ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೆ 8 ಜಿಬಿ ಸಾಲುತ್ತಿರಲಿಲ್ಲ. ಹಿಂದಿನ ಒಂದು ಸ್ಕ್ರೂ ಬಿಚ್ಚಿ ಮುಚ್ಚಳ ಸರಿಸಿ, ಇನ್ನೊಂದು 8 ಜಿಬಿ ಕಡ್ಡಿಯನ್ನು ನಾನೇ ಕೂರಿಸಿದೆ. ಕಾಲು ಗಂಟೆಯ ಕೆಲಸ. ಒಳಗೆ ಎಂ.2 ಎಸ್‌ಎಸ್‌ಡಿ ಜೊತೆಗೆ ಎರಡೂವರೆ ಇಂಚಿನ ಡಿಸ್ಕಿಗೂ ಜಾಗ ಇದೆ. ಹಳೇ ಲ್ಯಾಪ್‌ಟಾಪಿನ ಡಿಸ್ಕನ್ನು ಅಲ್ಲೇ ಹಾಕಿದೆ, ಒಂಬತ್ತು ವರ್ಷದ ಕಡತಗಳು ಹಾಗೇ ಬಂದವು. ವಿಡಿಯೊ ಎಡಿಟಿಂಗ್ ಜಾಸ್ತಿ ಮಾಡುವವರಿಗೆ ಇದನ್ನು ಹೇಳಲಾರೆ. ಮೂರು ತಿಂಗಳಿಗೊಮ್ಮೆ ಮೆತ್ತನೆ ಬ್ರಷ್‌ನಿಂದ ಫ್ಯಾನಿನ ಧೂಳು ತೆಗೆಯುತ್ತೇನೆ. ತೆಗೆಯದಿದ್ದರೆ ಸದ್ದು ಏರುತ್ತದೆ.

ಖರ್ಚಿನ ಪೂರ್ತಿ ಲೆಕ್ಕ: ಯಂತ್ರ 15,500, ಪರದೆ 8,200, ಯುಪಿಎಸ್ 3,100, ಮೆಮೊರಿ 1,500, ಅಡಾಪ್ಟರ್ 1,300, ಕ್ಯಾಮೆರಾ 1,200. ಕೀಬೋರ್ಡ್, ಮೌಸ್ ಮನೆಯಲ್ಲಿದ್ದವು. ಒಟ್ಟು 30,800. ಬರೀ ಡಬ್ಬಿಯ ಬೆಲೆ ನೋಡಿ ಹೊರಟರೆ ಕೊನೆಗೆ ಅದರ ಎರಡರಷ್ಟು ಆಗುತ್ತದೆ, ಮೊದಲೇ ಗೊತ್ತಿರಲಿ.

ಊರಾಚೆ ಕೆಲಸ ಮಾಡಲು ಆಗುವುದಿಲ್ಲ ಅನ್ನುವ ಅಳುಕಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಅಂಥ ಅಗತ್ಯ ಬಂದಿದ್ದು ಎರಡೇ ಸಲ, ಎರಡೂ ಸಲ ಹೆಗ್ಗೋಡಿನಲ್ಲಿರುವ ಲೇಖಕರ ಮನೆಗೆ. ಡಬ್ಬಿ, ಅಡಾಪ್ಟರ್, ಕೀಬೋರ್ಡ್, ಮೌಸ್ ಕೈಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಅಲ್ಲಿ ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿದೆವು. ಎಪ್ಪತ್ತು ದಾಟಿದ ಆ ಹಿರಿಯರು ಕನ್ನಡಕವನ್ನೇ ಹಾಕದೆ, ಗೋಡೆಯ ಮೇಲೆ ತಮ್ಮ ಪುಸ್ತಕದ ಕರಡು ತಿದ್ದಿದರು.