ಅಪರೂಪದ ರಿವಾಲ್ವರ್ ಗುರುತಿಸಲು ನಾಲ್ಕು ದಾರಿ: ನಂಬರ್, ಮೈಕಟ್ಟು, ಮುದ್ರೆ, ಕಾರ್ಖಾನೆ ಪತ್ರ

ಹಳೆಯ ರಿವಾಲ್ವರ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವುದು ಒಂದೇ. ಸೀರಿಯಲ್ ನಂಬರ್ ಹುಡುಕುತ್ತಾರೆ, ಪಟ್ಟಿ ತೆಗೆದು ವರ್ಷ ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ಸಾಮಾನ್ಯ ಮಾದರಿಗೆ ಅಷ್ಟು ಸಾಕು. ಆದರೆ ಬ್ಯಾರಲ್ (ಗುಂಡು ಹೊರಡುವ ಕೊಳವೆ) ಉದ್ದ ಎಂದಿನಂತಿಲ್ಲ, ಹ್ಯಾಮರ್ (ಗುಂಡು ಹಾರಿಸಲು ಹಿಂದಿನಿಂದ ಬಡಿಯುವ ಭಾಗ) ಬೇರೆ ಥರ ಇದೆ, ಮುದ್ರೆ ಇರಬೇಕಾದ ಜಾಗದಲ್ಲಿಲ್ಲ ಎನ್ನುವಂಥದ್ದು ಸಿಕ್ಕಿದರೆ ಪ್ರಶ್ನೆಯೇ ಬೇರೆ. ಇದು ಕಾರ್ಖಾನೆಯಿಂದಲೇ ಹೀಗೆ ಬಂತಾ? ಸೇನೆಯ ರಿಪೇರಿಯಲ್ಲಿ ಹೀಗಾಯಿತಾ? ಇಲ್ಲಾ ಆಮೇಲೆ ಯಾರಾದರೂ ಗರಗಸ ಹಾಕಿದರಾ? ಈ ಮೂರನ್ನು ಬೇರ್ಪಡಿಸಲು ನಾನು ನಾಲ್ಕು ದಾರಿಗಳನ್ನು ಅವೇ ರಿವಾಲ್ವರ್‌ಗಳ ಮೇಲೆ ಒಂದಾದ ಮೇಲೊಂದು ಹಿಡಿದು ನೋಡಿದ್ದೇನೆ. ಅಪರೂಪದ ಮಾದರಿಯ ವಿಷಯದಲ್ಲಿ ನಾಲ್ಕಕ್ಕೂ ಒಂದೇ ತೂಕ ಕೊಡಲು ಆಗುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಗುಂಡು ತುಂಬುವ ಸಿಲಿಂಡರ್ ತೆರೆದು, ಅದರ ಪ್ರತಿ ಚೇಂಬರ್ (ಗುಂಡು ಕೂರುವ ತೂತು) ಖಾಲಿ ಇದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಅದಾದ ಮೇಲೆಯೇ ಮಿಕ್ಕಿದ್ದು.

ನಂಬರ್ ಪಟ್ಟಿಯ ಮಾತು ಬೇಗ ಮುಗಿಸುತ್ತೇನೆ. ಅದು ಸುಲಭ, ಕೂಡಲೇ ಉತ್ತರ ಕೊಡುತ್ತದೆ, ಎಲ್ಲಿ ಹುಡುಕಬೇಕು ಅನ್ನುವ ದಿಕ್ಕು ತೋರಿಸುತ್ತದೆ. ಅಮೆರಿಕದ ಸ್ಮಿತ್ ಆಂಡ್ ವೆಸನ್ ಕಂಪನಿಯ ವಿಕ್ಟರಿ ಮಾದರಿಯನ್ನೇ ತೆಗೆದುಕೊಳ್ಳಿ. ಹಿಡಿಯ ತಳದಲ್ಲಿ ನಂಬರಿನ ಮುಂದೆ 'ವಿ' ಅಕ್ಷರ ಇದ್ದರೆ ಅದು ಎರಡನೇ ಮಹಾಯುದ್ಧದ ಕಾಲದ್ದು. 'ಎಸ್‌ವಿ' ಇದ್ದರೆ ಇನ್ನೂ ಕೊನೆಯದು. 1944ರಲ್ಲಿ ಕೆಳಗೆ ಬಿದ್ದ ರಿವಾಲ್ವರ್‌ನಿಂದ ಗುಂಡು ಹಾರಿ ನಾವಿಕನೊಬ್ಬ ಸತ್ತ. ಆಮೇಲೆ ಹೊಸ ಹ್ಯಾಮರ್ ತಡೆ ಹಾಕಿದರು. ಆ 'ಎಸ್' ಬಂದದ್ದು ಅದರ ಗುರುತಾಗಿ. ಇಲ್ಲಿಯವರೆಗೆ ನಂಬರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬ್ರಿಟನ್‌ಗೆ ಹೋದ 5 ಇಂಚಿನ .38/200 ರಿವಾಲ್ವರ್‌ಗೂ, ಅಮೆರಿಕದ ಪಡೆಗಳಿಗೆ ಹೋದ 4 ಇಂಚಿನ .38 ಸ್ಪೆಷಲ್‌ಗೂ ಅದೇ 'ವಿ' ಸಾಲಿನ ನಂಬರ್. (.38/200, .38 ಸ್ಪೆಷಲ್ ಅಂದರೆ ಅವು ಬಳಸುವ ಗುಂಡಿನ ಹೆಸರು.) ಎದುರಿಗಿರುವ 4 ಇಂಚಿನದು ಹುಟ್ಟಿನಿಂದಲೇ 4 ಇಂಚಾ, ಇಲ್ಲಾ 5 ಇಂಚಿನದನ್ನು ಕತ್ತರಿಸಿದ್ದಾ ಎಂದು ಪಟ್ಟಿಯಿಂದ ಹೇಳಲು ಸಾಧ್ಯವೇ ಇಲ್ಲ. ನಮಗೆ ಬೇಕಾದ ಉತ್ತರವೇ ಅದು ಅಲ್ವಾ?

ಇನ್ನೊಂದು ತೊಡಕೂ ಇದೆ. ಸ್ಮಿತ್ ಆಂಡ್ ವೆಸನ್‌ನಲ್ಲಿ ಸಿಲಿಂಡರ್ ತೆರೆದಾಗ ಫ್ರೇಮಿನ (ಮುಖ್ಯ ಚೌಕಟ್ಟಿನ) ಒಳಭಾಗದಲ್ಲಿ ಕಾಣುವ ಅಂಕಿ ಸೀರಿಯಲ್ ನಂಬರ್ ಆಗಿರಬೇಕಾಗಿಲ್ಲ. ಅದು ಬಿಡಿಭಾಗ ಜೋಡಿಸುವವರಿಗಾಗಿ ಹಾಕಿದ ಅಂಕಿ. ಅದನ್ನು ಪಟ್ಟಿಯಲ್ಲಿ ಹುಡುಕಿದರೆ ಯಾವುದೋ ವರ್ಷ ಸಿಕ್ಕೇ ಸಿಗುತ್ತದೆ, ಪೂರ್ತಿ ತಪ್ಪು ವರ್ಷ.

ಎರಡನೆಯದು ಮೈಕಟ್ಟು. ಅಳತೆ, ಆಕಾರ, ಕತ್ತರಿಸಿದ ಗುರುತು, ಸ್ಕ್ರೂ ತೂತಿನ ಅಂಚು, ಎಲ್ಲ ಸೇರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ನಂಬಬಹುದಾದ ದಾರಿ ಇದು. ಕಾರಣ ಸರಳ. ಅಕ್ಷರ ಹೊಡೆಯಲು ಒಂದು ಅಚ್ಚು, ಒಂದು ಸುತ್ತಿಗೆ ಸಾಕು. ಆದರೆ ಒಮ್ಮೆ ಕೊರೆದ ಲೋಹವನ್ನು ಹಿಂದಿನಂತೆ ತುಂಬಿಸುವುದು ಬಹಳ ಕಷ್ಟ.

ಅದೇ ವಿಕ್ಟರಿಗೆ ಬರೋಣ. ಯುದ್ಧ ಮುಗಿದ ಮೇಲೆ 5 ಇಂಚಿನ ಎಷ್ಟೋ ರಿವಾಲ್ವರ್‌ಗಳನ್ನು ಕತ್ತರಿಸಿ, .38 ಸ್ಪೆಷಲ್‌ಗೆ ಬದಲಿಸಿ ಮಾರಿದರು. ಹೊರಗಿನಿಂದ ನೋಡಿದರೆ ನೌಕಾಪಡೆಯ 4 ಇಂಚಿನದರ ಹಾಗೆಯೇ ಕಾಣುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಮೊದಲು ಬ್ಯಾರಲ್ ಮೇಲಿನ ಬರಹ ನೋಡಿ. ಕಾರ್ಖಾನೆ ಬರಹ ಬ್ಯಾರಲ್ ಉದ್ದದ ನಡುವಿಗೆ ಬರುವಂತೆ ಇರುತ್ತದೆ. ಕತ್ತರಿಸಿದ್ದರಲ್ಲಿ ಅದು ಮೂತಿಯ ಕಡೆಗೆ ಸರಿದಂತೆ ಕಾಣುತ್ತದೆ. ಆಮೇಲೆ ಮುಂದಿನ ಗುರಿಕಡ್ಡಿ. ಮೂಲದ್ದು ಬ್ಯಾರಲ್ ಜೊತೆಗೇ ಒಂದೇ ತುಂಡಾಗಿ ಬಂದಿರುತ್ತದೆ. ಬೆಸುಗೆ ಹಾಕಿ ಕೂರಿಸಿದ್ದರ ಬುಡದಲ್ಲಿ ಸಣ್ಣ ಗೆರೆ ಕಾಣುತ್ತದೆ, ಬಣ್ಣದಲ್ಲೂ ವ್ಯತ್ಯಾಸ ಇರುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಚೇಂಬರ್ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಸಿಲಿಂಡರನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಒಳಗೆ ನೋಡಿ. .38/200 ಗುಂಡಿನ ಕೇಸ್ (ಮದ್ದು ತುಂಬುವ ಲೋಹದ ಕವಚ) ಗಿಡ್ಡ, ಆದರೆ ಸ್ವಲ್ಪ ದಪ್ಪ. .38 ಸ್ಪೆಷಲ್ ಕೇಸ್ ಸಪೂರ, ಆದರೆ ಸುಮಾರು 1 ಸೆಂಟಿಮೀಟರ್ ಉದ್ದ ಜಾಸ್ತಿ. ಹಾಗಾಗಿ ಹಳೆಯ ಚೇಂಬರನ್ನು ಸ್ಪೆಷಲ್‌ಗೆಂದು ಕೊರೆದಾಗ ಹಿಂದಿನ ಅಗಲವಾದ ಭಾಗ ಹಾಗೆಯೇ ಉಳಿಯುತ್ತದೆ, ಮುಂದೆ ಮಾತ್ರ ಸಪೂರವಾಗಿ ಆಳ ಹೆಚ್ಚುತ್ತದೆ. ಒಳಗೆ ಅಗಲ ಬದಲಾಗುವ ಅಂಚು, ಅಂದರೆ ಮೆಟ್ಟಿಲು, ಒಂದರ ಬದಲು ಎರಡು ಕಾಣುತ್ತವೆ. ಹುಟ್ಟಿನಿಂದಲೇ ಸ್ಪೆಷಲ್ ಆಗಿರುವುದರಲ್ಲಿ ಒಂದೇ ಮೆಟ್ಟಿಲು. ಹೊರಗೆ ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ಒಳಗಿನ ಆ ಎರಡನೇ ಉಂಗುರವನ್ನು ಮುಚ್ಚಲು ಆಗುವುದಿಲ್ಲ. ಅಂದ ಹಾಗೆ, ಇಂಥದ್ದರಲ್ಲಿ ಹಿಂಭಾಗ ಅಗಲವಾಗಿರುವುದರಿಂದ ಸ್ಪೆಷಲ್ ಗುಂಡಿನ ಕೇಸ್ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಅಂದರೆ ಈ ಪರೀಕ್ಷೆ ಸಂಗ್ರಹಕಾರರಿಗೆ ಮಾತ್ರ ಬೇಕಾದದ್ದಲ್ಲ.

ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿ ಮಾದರಿಯಲ್ಲೂ ಇದೇ ತರ್ಕ ನಡೆಯುತ್ತದೆ. ಇಜೆಕ್ಟರ್ (ಖಾಲಿ ಕೇಸ್ ಹೊರತಳ್ಳುವ ಕಡ್ಡಿ) ಇಲ್ಲದ ಗಿಡ್ಡ ಬ್ಯಾರಲ್‌ನ ಶೆರಿಫ್ ಮಾದರಿಗೆ ಬೇಡಿಕೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ಬ್ಯಾರಲ್ ಕತ್ತರಿಸಿ ಇಜೆಕ್ಟರ್ ಬಿಚ್ಚಿಟ್ಟರೆ ದೂರದಿಂದ ಅದೇ ಅನ್ನಿಸುತ್ತದೆ. ಆದರೆ ಅಸಲಿಯಲ್ಲಿ ಫ್ರೇಮಿನ ಬಲಗಡೆ ಇಜೆಕ್ಟರ್ ಕೊಳವೆ ಕೂರುವ ಜಾಗವನ್ನೇ ಕಾರ್ಖಾನೆಯಲ್ಲಿ ಕಡಿದಿರುವುದಿಲ್ಲ. ಆ ಜಾಗ ಇದ್ದೂ ಇಜೆಕ್ಟರ್ ಇಲ್ಲ ಅಂದರೆ ಅದನ್ನು ಆಮೇಲೆ ತೆಗೆದದ್ದು.

ಮೆರುಗಿನ ಬಗ್ಗೆಯೂ ಒಂದು ಮಾತು. ಸ್ಮಿತ್ ಆಂಡ್ ವೆಸನ್ ನಿಕ್ಕಲ್ ಲೇಪಿಸಿದ ರಿವಾಲ್ವರ್‌ಗಳಲ್ಲೂ ಹ್ಯಾಮರ್ ಮತ್ತು ಟ್ರಿಗರ್‌ಗೆ ಸಾಮಾನ್ಯವಾಗಿ ನಿಕ್ಕಲ್ ಹಾಕುತ್ತಿರಲಿಲ್ಲ. ಅವು ಕಾವಿನಲ್ಲಿ ಗಟ್ಟಿ ಮಾಡಿದ, ಬಣ್ಣ ಬಣ್ಣದ ಮೋಡದಂಥ ಮೆರುಗಿನಲ್ಲೇ ಇರುತ್ತಿದ್ದವು. ಅವೂ ಬೆಳ್ಳಗೆ ಹೊಳೆಯುತ್ತಿದ್ದರೆ ಹೊರಗಡೆ ಮರುಲೇಪ ಆಗಿರಬಹುದು ಎಂದು ಮೊದಲೇ ಅನುಮಾನಿಸಿ. ಸ್ಕ್ರೂ ತೂತಿನ ಅಂಚು ಗುಂಡಗೆ ಸವೆದು ಬಟ್ಟಲಿನಂತಾಗಿದ್ದರೆ ಪಾಲಿಶ್ ಚಕ್ರ ಓಡಿದೆ ಅಂತಲೇ ಲೆಕ್ಕ.

ಮೂರನೆಯದು ಮುದ್ರೆಗಳು. ಇಲ್ಲಿ ವಿಷಯ ತುಂಬಾ ಇದೆ, ಎಚ್ಚರವೂ ತುಂಬಾ ಬೇಕು. ಮುದ್ರೆಯ ದೊಡ್ಡ ಗುಣ ಏನೆಂದರೆ ಅದನ್ನು ಹಾಕಿದವರು ತಯಾರಕರಲ್ಲ, ಪರೀಕ್ಷೆ ಮಾಡಿದವರು. ಬೆಲ್ಜಿಯಂನ ಲಿಯೇಜ್ ನಗರದ ಮೊಟ್ಟೆಯಾಕಾರದ 'ಇಎಲ್‌ಜಿ' ಮುದ್ರೆಯ ಮೇಲೆ ಕಿರೀಟ ಬಂದದ್ದು 1893ರಲ್ಲಿ. ತಯಾರಕರ ಹೆಸರೇ ಇಲ್ಲದ, ಗಿಡ್ಡ ಬುಲ್‌ಡಾಗ್ ಮಾದರಿಯ ರಿವಾಲ್ವರ್‌ನ ಕಾಲ ಹೇಳಲು ಕೆಲವೊಮ್ಮೆ ಆ ಕಿರೀಟವೊಂದೇ ಆಧಾರ. ಯಾವ ನಂಬರ್ ಪಟ್ಟಿಯಲ್ಲೂ ಸಿಗದ ರಿವಾಲ್ವರ್‌ಗಳವು.

ಮುದ್ರೆಯಿಂದ ಬೆಲೆಯೇ ತಿರುಗಿಬೀಳುವ ಉದಾಹರಣೆ ಸ್ಪೇನಿನದು. ಏಬಾರ್‌ನಲ್ಲಿ ಸ್ಮಿತ್ ಆಂಡ್ ವೆಸನ್ ಹೋಲುವ ರಿವಾಲ್ವರ್‌ಗಳನ್ನು ರಾಶಿ ರಾಶಿ ಮಾಡುತ್ತಿದ್ದರು, ಹಾಗಾಗಿ ಅವನ್ನು ನೋಡಿದ ಕೂಡಲೇ ನಕಲಿ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಆದರೆ 1915ರಲ್ಲಿ ಸೇನೆಯ ವೆಬ್ಲಿ ರಿವಾಲ್ವರುಗಳು ಸಾಲದೆ ಬ್ರಿಟನ್ ಅಲ್ಲಿಂದಲೇ .455 ಅಳತೆಯ ರಿವಾಲ್ವರ್‌ಗಳನ್ನು ತರಿಸಿ ಸೇನೆಗೆ ಕೊಟ್ಟಿತು. ಗರಾತೆ ಅನಿತುವಾ ಕಂಪನಿ ಮಾಡಿದ್ದು, ತ್ರೊಕಾವೊಲಾ ಅರಂಜಾಬಾಲ್ ಕಂಪನಿ ಮಾಡಿದ್ದು, ಎರಡಕ್ಕೂ 'ಓಲ್ಡ್ ಪ್ಯಾಟರ್ನ್' ಎಂಬ ಅಧಿಕೃತ ಹೆಸರೇ ಇತ್ತು. ಅಂಥದ್ದರ ಮೇಲೆ ಬ್ರಿಟಿಷ್ ಸರ್ಕಾರದ ಅಗಲ ಬಾಣದ ಗುರುತು ಸಿಕ್ಕಿದರೆ ಪಕ್ಕಕ್ಕಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್‌ನಲ್ಲಿ ಮುದ್ರೆಯೂ ಮೈಕಟ್ಟೂ ಒಂದನ್ನೊಂದು ಪರೀಕ್ಷಿಸುತ್ತವೆ. ಮಾರ್ಕ್ 1ಕ್ಕೆ ಹ್ಯಾಮರ್ ಮೇಲೆ ಹೆಬ್ಬೆರಳಿಗೆ ಸಿಗುವ ಕೊಂಬು ಇತ್ತು. 1938ರಲ್ಲಿ ಬಂದ, ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಇರುವ ಮಾರ್ಕ್ 1ಕ್ಕೆ ಅದಿಲ್ಲ, ಬರೀ ಡಬಲ್ ಆಕ್ಷನ್, ಅಂದರೆ ಟ್ರಿಗರ್ ಎಳೆದಾಗಲೇ ಹ್ಯಾಮರ್ ಹಿಂದೆ ಹೋಗಿ ಬಡಿಯುತ್ತದೆ. ಹಳೆಯವುಗಳನ್ನೂ ರಿಪೇರಿಗೆ ಬಂದಾಗ ಹಾಗೆಯೇ ಬದಲಿಸಿದರು, ಹಾಗಾಗಿ ಕೊಂಬು ಉಳಿದ ಮಾರ್ಕ್ 1 ಈಗ ಅಪರೂಪ. ಫ್ರೇಮಿನ ಬಲಗಡೆ, ಹ್ಯಾಮರ್ ಕೆಳಗಿನ ಬರಹಕ್ಕೆ ಲೆನ್ಸ್ ಹಿಡಿಯಿರಿ. ನಕ್ಷತ್ರ ಮಿಕ್ಕ ಅಕ್ಷರಗಳಿಗಿಂತ ಬೇರೆ ಆಳದಲ್ಲಿ, ಸ್ವಲ್ಪ ವಾರೆಯಾಗಿ ಇದ್ದರೆ ಅದು ಆಮೇಲೆ ಹೊಡೆದದ್ದು, ಅಂದರೆ ಬದಲಿಸಿದ ರಿವಾಲ್ವರ್. ಇನ್ನು ನಕ್ಷತ್ರ ಇದ್ದೂ ಹ್ಯಾಮರ್‌ಗೆ ಕೊಂಬು ಇದ್ದರೆ, ಯಾರೋ ಹಳೆ ಹ್ಯಾಮರ್ ತಂದು ಕೂರಿಸಿದ್ದಾರೆ. ಮುದ್ರೆ ಮಾತ್ರ ನೋಡಿದವರಿಗೂ, ಹ್ಯಾಮರ್ ಮಾತ್ರ ನೋಡಿದವರಿಗೂ ಇದು ತಿಳಿಯುವುದಿಲ್ಲ.

ಮುದ್ರೆಯ ದೌರ್ಬಲ್ಯ ಎರಡು. ಒಂದು, ಪ್ರೂಫ್ ಮುದ್ರೆ (ಪರೀಕ್ಷೆ ಮಾಡಿದವರ ಮುದ್ರೆ) ಎಲ್ಲಿ ಪರೀಕ್ಷೆಯಾಯಿತು ಎಂದು ಹೇಳುತ್ತದೆ, ಎಲ್ಲಿ ತಯಾರಾಯಿತು ಎಂದಲ್ಲ. ಅಮೆರಿಕದಲ್ಲಿ ಮಾಡಿದ ವಿಕ್ಟರಿಯ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮುದ್ರೆ ಇರುವುದು ಸಾಮಾನ್ಯ. ಆದರೆ ಅದೇ ನಮಗೆ ಉಪಕಾರವೂ ಆಗುತ್ತದೆ. ಅಲ್ಲಿ .767 ಎಂಬ ಅಂಕಿ ಇದ್ದರೆ ಅದು ಇಂಚಿನಲ್ಲಿ ಕೇಸ್ ಉದ್ದ, ಅಂದರೆ ಪರೀಕ್ಷೆಯ ಹೊತ್ತಿಗೆ ಚೇಂಬರ್ ಇನ್ನೂ ಗಿಡ್ಡ ಗುಂಡಿನದೇ ಆಗಿತ್ತು. ಒಳಗೆ ಎರಡು ಮೆಟ್ಟಿಲು ಕಂಡರೆ ಕೊರೆದದ್ದು ಆ ಪರೀಕ್ಷೆಯ ನಂತರ. ಎರಡು, ಮುದ್ರೆಯನ್ನು ಹೊಸದಾಗಿ ಹೊಡೆಯಬಹುದು. ಅಮೆರಿಕದ ಸರಕು ಸಾಗಣೆ ಕಂಪನಿ ವೆಲ್ಸ್ ಫಾರ್ಗೋದ ಗುರುತಿರುವ, ಸ್ಮಿತ್ ಆಂಡ್ ವೆಸನ್ ಮಾಡಿದ ಸ್ಕೋಫೀಲ್ಡ್ ರಿವಾಲ್ವರ್‌ಗಳಲ್ಲಿ ಇಂಥ ಮೋಸ ಬಹಳ. ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಹಳೆಯ ಅಕ್ಷರದ ಅಂಚೂ ಸುತ್ತಲಿನ ಲೋಹವೂ ಒಂದೇ ಥರ ಸವೆದಿರುತ್ತವೆ. ಸವೆದ ಮೈಮೇಲೆ ಚೂಪಾದ ಅಂಚಿನ ಅಕ್ಷರ ಎದ್ದು ನಿಂತರೆ ನಂಬಬೇಡಿ.

ಕೊನೆಯದು ಕಾರ್ಖಾನೆ ಪತ್ರ. ಕೋಲ್ಟ್ ಮತ್ತು ಸ್ಮಿತ್ ಆಂಡ್ ವೆಸನ್ ಎರಡರ ಹಳೆಯ ದಾಖಲೆಗಳಿಂದಲೂ ಇಂಥ ಪತ್ರ ಬರೆಸಿಕೊಳ್ಳಬಹುದು. ಬ್ಯಾರಲ್ ಉದ್ದ, ಗುಂಡಿನ ಅಳತೆ, ಮೆರುಗು, ಹಿಡಿ, ಯಾವ ದಿನ ಯಾರಿಗೆ ಕಳಿಸಿದರು, ಹೀಗೆ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟು ಬರುತ್ತದೆ. ಹಣ ಕೊಡಬೇಕು, ಕಾಯಬೇಕು. ಕಾರ್ಖಾನೆಯಲ್ಲೇ ವಿಶೇಷವಾಗಿ ಮಾಡಿದ ರಿವಾಲ್ವರ್ ಆದರೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಂಬರ್ ಪಟ್ಟಿಯಿಂದ ಎಣಿಸಿದ ವರ್ಷಕ್ಕೂ, ನಿಜವಾಗಿ ಕಾರ್ಖಾನೆ ಬಿಟ್ಟ ದಿನಕ್ಕೂ ಇರುವ ಅಂತರ ತಿಳಿಯುವುದೂ ಇದರಿಂದಲೇ. ಸ್ಮಿತ್ ಆಂಡ್ ವೆಸನ್ ನಂಬರ್ ಸಾಲಿನ ಪ್ರಕಾರ ಸರಕು ಕಳಿಸುತ್ತಿರಲಿಲ್ಲ.

ಆದರೆ ಕಾರ್ಖಾನೆ ಬಾಗಿಲು ದಾಟಿದ ಮೇಲೆ ಏನಾಯಿತು ಎಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ. ಸ್ಕೋಫೀಲ್ಡ್‌ಗೆ ಪತ್ರ ಬರೆಸಿದರೆ ಸೇನೆಗೆ ಹೋಯಿತು ಎಂದಷ್ಟೇ ಬರುತ್ತದೆ. ಸೇನೆ ಮಾರಿದ ಮೇಲೆ ಬ್ಯಾರಲ್ ಕತ್ತರಿಸಿ ವೆಲ್ಸ್ ಫಾರ್ಗೋ ಬಳಸಿತೋ, ಇಲ್ಲಾ ಬೇರೆ ಯಾರಾದರೂ ಕತ್ತರಿಸಿದರೋ, ಪತ್ರದಲ್ಲಿ ಒಂದು ಸಾಲೂ ಇರುವುದಿಲ್ಲ.

ನಾಲ್ಕೂ ದಾರಿಗಳ ನಿಜವಾದ ಹೋಲಿಕೆ ನನಗೆ ಸಿಕ್ಕಿದ್ದು ಕೋಲ್ಟ್ ಆರ್ಟಿಲರಿ ಮಾದರಿಯಲ್ಲಿ. 7½ ಇಂಚಿನ ಸೇನಾ ರಿವಾಲ್ವರ್‌ಗಳನ್ನು 1890ರ ದಶಕದಲ್ಲಿ ವಾಪಸ್ ತರಿಸಿ 5½ ಇಂಚಿಗೆ ಕತ್ತರಿಸಿದರು. ಬಿಚ್ಚಿದ ಭಾಗಗಳನ್ನು ಜೋಡಿಸುವಾಗ ನಂಬರ್ ನೋಡಿ ಕೂರಿಸುವ ಗೋಜಿಗೆ ಬಹುಪಾಲು ಹೋಗಲಿಲ್ಲ. ಹಾಗಾಗಿ ಫ್ರೇಮ್, ಟ್ರಿಗರ್ ಗಾರ್ಡ್, ಬ್ಯಾರಲ್, ಸಿಲಿಂಡರ್ ಒಂದೊಂದಕ್ಕೂ ಒಂದೊಂದು ನಂಬರ್. ಪಟ್ಟಿ ಹಿಡಿದವರು ಇದನ್ನು ಕಲಬೆರಕೆ ಎಂದು ತಳ್ಳಿಬಿಡುತ್ತಾರೆ. ಪತ್ರ ಬರೆಸಿದರೂ ಅದು ಫ್ರೇಮಿನ ನಂಬರ್‌ಗೆ ಉತ್ತರ ಕೊಡುತ್ತದೆಯೇ ಹೊರತು ಇಡೀ ರಿವಾಲ್ವರ್‌ಗಲ್ಲ. ಮೂತಿಯನ್ನು ಕತ್ತರಿಸಿದ ನಯ, ಗುರಿಕಡ್ಡಿ ಕೂರಿಸಿದ ರೀತಿ, ತಪಾಸಣೆ ಮಾಡಿದವರ ಪುಟ್ಟ ಅಕ್ಷರಗಳು, ಇವನ್ನು ನೋಡಿದಾಗಲೇ ಇದು ಆರ್ಟಿಲರಿ ಎಂದು ಹೇಳಲು ಧೈರ್ಯ ಬರುವುದು. ಇಲ್ಲಿ ನಂಬರ್ ಎಲ್ಲ ಒಂದೇ ಇದ್ದರೆ ಸಂತೋಷಪಡುವ ಮೊದಲು ಪ್ರತಿ ಅಂಕಿಯ ಕೆಳಗೆ ಹಳೆಯ ಅಂಕಿ ಉಜ್ಜಿಹಾಕಿದ ತಗ್ಗು ಇದೆಯೇ ಎಂದು ನೋಡಿಕೊಳ್ಳಿ.

ಹಾಗಾಗಿ ನನ್ನ ಸರದಿ ಹೀಗಿದೆ: ಮೊದಲು ಮೈಕಟ್ಟು, ಆಮೇಲೆ ಮುದ್ರೆ, ಆಮೇಲೆ ನಂಬರ್. ಈ ಮೂರೂ ಕಾರ್ಖಾನೆಯ ಕಡೆಗೇ ಬೆರಳು ತೋರಿಸಿದರೆ ಮಾತ್ರ ಪತ್ರ. ಪತ್ರಕ್ಕೆ ಬರೆಯುವಾಗ ಬ್ಯಾರಲ್ ಉದ್ದವನ್ನು ಮೂತಿಯಿಂದ ಸಿಲಿಂಡರ್ ಮುಂಭಾಗದವರೆಗೆ ಅಳೆದು ಕೊಡಿ. ಸುಮ್ನೆ ಫ್ರೇಮಿನವರೆಗೆ ಅಳೆದರೆ ಬ್ಯಾರಲ್ ಗಿಡ್ಡ ಎಂದು ಲೆಕ್ಕ ಬಂದು, ಇಲ್ಲದ ಅಪರೂಪವೊಂದು ಹುಟ್ಟಿಕೊಳ್ಳುತ್ತದೆ.